ಭಂಡಾರ ಎತ್ತಿದ ಭಾನುವಾರ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧು ಮನುಷ್ಯ ಎಂದುಕೊಳ್ಳುವುದು ಬೇಡ. ಹೆಸರು ಧರೆಪ್ಪ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ಕುಂಭಾರಿ ದಾಟಿ ಎರಡು ಮೈಲಿ ಒಳಗೆ ನಡೆದರೆ ನಮ್ಮ ವಾಡಿ. ಅಲ್ಲಿಯ ಸಾಲೆಗೆ ನಾನೊಬ್ಬನೇ ಮಾಸ್ತರ. ಹುಡುಗರು ಎದುರಿಗೆ ಗುರೂಜಿ ಅನ್ನುತ್ತಾರೆ, ಬೆನ್ನ ಹಿಂದೆ ಮೆಣಸಿನಕಾಯಿ ಅನ್ನುತ್ತಾರೆ. ಎರಡೂ ಕಿವಿಗೆ ಬಿದ್ದಿವೆ, ಎರಡಕ್ಕೂ ನನ್ನ ತಕರಾರಿಲ್ಲ.

ನಮ್ಮದು ಕುರಿ ಸಾಕುವ ಮಂದಿ. ವಾಡಿಯ ಮೂಡಲಿಗೆ ಬೀರೋಬನ ಗುಡಿಯಿದೆ. ಅದರ ಪೂಜೆಯ ಪಾಳಿ ನಾಲ್ಕು ಮನೆತನಗಳಲ್ಲಿ ವರ್ಷಕ್ಕೊಂದರಂತೆ ತಿರುಗುತ್ತದೆ. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅದು ನಮ್ಮ ಮನೆಗೆ ಬಂದಿತ್ತು. ಹೀಗಾಗಿ ಆ ವರ್ಷ ವಾರವೆಲ್ಲ ನನ್ನ ಕೈಯಲ್ಲಿ ಸೀಮೆಸುಣ್ಣ, ಭಾನುವಾರ ಭಂಡಾರ. ಭಂಡಾರ ಅಂದರೆ ಬೀರೋಬನ ಮುಂದಿಟ್ಟ ಅರಿಸಿನದ ಪುಡಿ. ಅದನ್ನು ಎತ್ತಿ ಆಡಿದ ಮಾತು ನಮ್ಮಲ್ಲಿ ಕೋರ್ಟಿನ ಕಾಗದಕ್ಕಿಂತ ದೊಡ್ಡದು. ಭಂಡಾರ ಎತ್ತಿ ಮಾತು ಮುರಿದವನ ಮನೆಯಲ್ಲಿ ನಮ್ಮವರು ನೀರು ಕುಡಿಯುವುದಿಲ್ಲ.

ಇನ್ನು ಫುಟ್‌ಬಾಲಿನ ವಿಷಯ. ಪುಣೆಯಲ್ಲಿ ಮಾಸ್ತರಕಿಯ ಟ್ರೇನಿಂಗಿಗೆ ಹೋದಾಗ ನಾನು ಆ ಆಟ ಕಲಿತೆ, ಹುಚ್ಚು ಹಿಡಿಸಿಕೊಂಡೆ. ಊರಿಗೆ ಬಂದು, ದನ ಮೇಯುವ ಗಾಯರಾನದಲ್ಲಿ ಹುಡುಗರ ಕೈಲಿ ಕಲ್ಲು ಆರಿಸಿ ಮೈದಾನ ಮಾಡಿಸಿದೆ. ಗೋಲಿಗೆ ಜಾಲಿಯ ಗೂಟ. ಕಾಲಿಗೆ ಏನೂ ಇಲ್ಲ. ಹುಡುಗರು ಹುತುತು, ಅಂದರೆ ಕಬಡ್ಡಿ, ಆಡಿದರೆ ಹಿರಿಯರು ಏನೂ ಅನ್ನುತ್ತಿರಲಿಲ್ಲ, ತಾಲೀಮಿನಲ್ಲಿ ಮಣ್ಣು ಹಚ್ಚಿಕೊಂಡು ಕುಸ್ತಿ ಮಾಡಿದರೆ ಹಾಲು ಕುಡಿಸುತ್ತಿದ್ದರು. ಫುಟ್‌ಬಾಲ್ ಅಂದರೆ ಮಾತ್ರ ಮೂಗು ಮುರಿಯುತ್ತಿದ್ದರು. "ಕುರಿ ಕಾಯ್ರಿ ಅಂದ್ರ ಚಂಡ ಕಾಯಾಕತ್ತಾವ ಮಕ್ಕಳು" ಎಂದು ನನ್ನ ಹೆಂಡತಿ ಜನಾಬಾಯಿಯೂ ನಗುತ್ತಿದ್ದಳು. ನಾನು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಐದು ವರ್ಷದಲ್ಲಿ ಹದಿನೈದು ಹುಡುಗರ ಒಂದು ತಂಡ ನಿಂತಿತು. ಹದಿನಾಲ್ಕರಿಂದ ಹದಿನೇಳರ ವಯಸ್ಸಿನವರು, ಎಲ್ಲರೂ ನನ್ನ ಕೈಲಿ ಪೆಟ್ಟು ತಿಂದು ಅಕ್ಷರ ಕಲಿತವರು.

ತಂಡದ ನಾಯಕ ಅಮೋಗಸಿದ್ಧ, ನನ್ನ ಚಿಕ್ಕಪ್ಪನ ಮಗಳು ಸುಗಲಾಬಾಯಿಯ ಮಗ. ತಂದೆ ಇಲ್ಲದ ಹುಡುಗ. ಅವನು ಕೂಸಿದ್ದಾಗಲೇ ತಂದೆ ತೀರಿಕೊಂಡ. ಅವಳು ಮತ್ತೆ ಮದುವೆಯಾಗದೆ, ಮೂವತ್ತು ಕುರಿಗಳ ಹಿಂದೆ ತಿರುಗಿ ಅವನನ್ನು ಬೆಳೆಸಿದಳು. ಮನೆಯಲ್ಲಿ ಅವನಿಗೆ ನಾನು ಮಾಮಾ. ಮೈದಾನದಲ್ಲಿ ಮಾಮಾ ಅನ್ನಬಾರದು, ಗುರೂಜಿ ಅನ್ನಬೇಕು ಎಂದು ನಾನು ನಿಯಮ ಮಾಡಿದ್ದೆ. ಬೇರೆ ಹುಡುಗರು ನನ್ನನ್ನು ಪಕ್ಷಪಾತಿ ಅನ್ನಬಾರದಲ್ಲ. ನಿಜ ಹೇಳಬೇಕೆಂದರೆ ಪಕ್ಷಪಾತ ಇತ್ತು. ಅವನಷ್ಟು ಚೆಂದ ಓಡುವ ಹುಡುಗನನ್ನು ನಾನು ಪುಣೆಯಲ್ಲೂ ನೋಡಿರಲಿಲ್ಲ.

ಆ ವರ್ಷ ಆಗಸ್ಟ್ ಹದಿನೈದಕ್ಕೆ ಸೊಲ್ಲಾಪುರದಲ್ಲಿ, ವಿಜಾಪುರ ರಸ್ತೆಯ ಮಗ್ಗುಲಿನ ಬಯಲಿನಲ್ಲಿ, ಹದಿನೆಂಟರೊಳಗಿನ ಹುಡುಗರ ಪಂದ್ಯಾವಳಿ ನಿಗದಿಯಾಗಿತ್ತು. ನಮ್ಮ ವಾಡಿಯವನೇ ಆದ ಕಲ್ಲಣ್ಣ ಬಟ್ಟೆ ಗಿರಣಿಯೊಂದರಲ್ಲಿ ಕೂಲಿಗಳ ಮೇಲಿನ ಮುಕಾದಮನಾಗಿದ್ದ. ನಮ್ಮ ತಂಡದ ಹೆಸರು ಬರೆಸಿದವನು ಅವನೇ. ಚೆನ್ನಾಗಿ ಆಡಿದವನನ್ನು ಗಿರಣಿಯ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ, ತಂಡಕ್ಕೆ ಸೇರಿದವನಿಗೆ ಬದಲಿ ಕೆಲಸ, ಅಂದರೆ ಬಾರದವನ ಜಾಗದ ಕೆಲಸ, ಕೊಡುತ್ತಾರೆ ಎಂದು ಅವನು ಹೇಳಿದ್ದ. ಅಮೋಗಸಿದ್ಧನಿಗೆ ಮುಂದಿನ ವರ್ಷ ಹದಿನೆಂಟು ತುಂಬುತ್ತಿತ್ತು. ಅಂದರೆ ಅವನಿಗೆ ಇದೊಂದೇ ವರ್ಷ. ಸುಗಲಾಬಾಯಿ ಆಗಲೇ ಸೊಲ್ಲಾಪುರದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿಯುವ ಮಾತಾಡುತ್ತಿದ್ದಳು. ಕುರಿಗಳನ್ನು ಯಾರಿಗೆ ಒಪ್ಪಿಸುವುದು ಎಂದು ನನ್ನನ್ನು ಎರಡು ಸಲ ಕೇಳಿದ್ದಳು.

ಜೂನ್‌ನಲ್ಲಿ ಮುಂಬೈಗೆ ಜ್ವರ ಬಂದಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಹಡಗಿನಿಂದ ಇಳಿದು ಬಂದ ಜ್ವರ, ಊರೂರಿಗೆ ಹಬ್ಬುತ್ತಿದೆ ಎಂದಿತ್ತು. ಜುಲೈ ಮೊದಲ ವಾರ ನಮ್ಮ ವಾಡಿಯಲ್ಲೂ ಡಂಗುರ ಹೊಡೆದರು. ಸಾಲೆ ಬಂದ್. ಸಿನೆಮಾ, ತಮಾಶಾ ಬಂದ್. ಫುಟ್‌ಬಾಲ್, ಹುತುತು, ಖೋ ಖೋ, ತಾಲೀಮು, ಹುಡುಗರು ಕೂಡಿ ಆಡುವ ಯಾವ ಆಟವೂ ಮುಂದಿನ ಹುಕುಮಿನವರೆಗೆ ಇಲ್ಲ. ಡಂಗುರದವನು ಹೋದ ಮೇಲೆ ನಾನು ಚಾವಡಿಗೆ ಹೋಗಿ ಕಾಗದವನ್ನೇ ತರಿಸಿಕೊಂಡು ಓದಿದೆ. ಅದರಲ್ಲಿ ಗುಡಿಯ ಹೆಸರು ಇರಲಿಲ್ಲ.

ಮೊದಲು ನನಗೆ ಸರಕಾರದ ಮೇಲೆಯೇ ಸಿಟ್ಟು ಬಂತು. ಗಾಳಿ ಬೆಳಕಿನಲ್ಲಿ ಆಡುವ ಹುಡುಗರನ್ನು ಕಟ್ಟಿಹಾಕಿ ಇವರಿಗೆ ಏನು ಸಿಗುತ್ತದೆ ಎಂದು ಬೈದುಕೊಂಡೇ ಆ ಶುಕ್ರವಾರ ಸೊಲ್ಲಾಪುರಕ್ಕೆ ಹೋದೆ. ಪಂದ್ಯಾವಳಿಯಾದರೂ ನಡೆಯುತ್ತದೋ ಇಲ್ಲವೋ, ಕಲ್ಲಣ್ಣನನ್ನು ಕೇಳಬೇಕಾಗಿತ್ತು.

ಗಿರಣಿಯ ಭೋಂಗಾ ಎಂದಿನಂತೆ ಕೂಗಿತು, ಒಳಗೆ ಹೋಗುವ ಮಂದಿ ಅರ್ಧಕ್ಕಿಂತ ಕಡಿಮೆ. ಕಲ್ಲಣ್ಣನಿದ್ದ ಸಾಲುಮನೆಯ ಚಾಳಿನಲ್ಲಿ ಒಂದು ಬಾಗಿಲೂ ಕೆಮ್ಮಿಲ್ಲದೆ ಇರಲಿಲ್ಲ. ಅವನು ಚಾಪೆಯ ಮೇಲೆ ಬಿದ್ದಿದ್ದ, ಕಣ್ಣು ಕೆಂಪಾಗಿದ್ದವು, ಹೆಂಡತಿಯೂ ಮಗ್ಗುಲಿಗೆ ಮಲಗಿದ್ದಳು. ನೀರು ಕೊಡುವವರು ಯಾರೂ ಇರಲಿಲ್ಲ.

"ಮಾಸ್ತರ, ದೂರ ಕೂಡ್ರಿ," ಎಂದ.

"ದೂರ ಕೂಡಾಕ ನಾ ಏನ ಪರದೇಶದಾಂವೇನು?" ಎಂದು ಬೈದು ಅವನ ತಲೆದೆಸೆಗೇ ಕೂತೆ. ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಗಂಜಿ ಕಾಸಿ ಕುಡಿಸಿದೆ. ಆ ದಿನ ಅಲ್ಲಿಯೇ ಉಳಿದೆ. ಎದುರಿನ ಖೋಲಿಯಿಂದ ಒಬ್ಬ ಹರೆಯದ ಹುಡುಗನನ್ನು ನಾಲ್ಕು ಮಂದಿ ಹೊತ್ತುಕೊಂಡು ಹೋದರು. ಮುಖ ಮುಚ್ಚಿರಲಿಲ್ಲ. ಮೀಸೆ ಈಗಷ್ಟೇ ಚಿಗುರುತ್ತಿತ್ತು.

ಆ ಮುಖ ನೋಡಿದಾಗ ನನಗೆ ನನ್ನ ದೊಡ್ಡಣ್ಣ ನೆನಪಾದ. ನಾನು ಹತ್ತು ವರ್ಷದವನಿದ್ದಾಗ, ಹದಿನೆಂಟನೆಯ ಇಸವಿಯಲ್ಲಿ, ನಮ್ಮ ಕಡೆ ಮಾನಮೋಡಿ ಬಂದಿತ್ತು. ಅದೂ ಇಂಥದೇ ಜ್ವರ. ಮನೆಯಲ್ಲಿ ಒಂಬತ್ತು ಜನರಿದ್ದೆವು. ದೀಪಾವಳಿಯ ಹೊತ್ತಿಗೆ ನಾನು, ಒಬ್ಬ ತಂಗಿ, ಅಜ್ಜಿ ಮೂವರು ಉಳಿದೆವು. ಮುದುಕಿಗೆ ಏನೂ ಆಗಲಿಲ್ಲ. ಹೋದವರು ಕಲ್ಲು ಎತ್ತಿ ಒಗೆಯುವಂಥ ನನ್ನ ಅಣ್ಣಂದಿರು. ಹೊರುವವರು ಸಿಗದೆ ದೊಡ್ಡಣ್ಣನನ್ನು ಕಂಬಳಿಯಲ್ಲಿ ಸುತ್ತಿ ನಾನೂ ಅಜ್ಜಿಯೂ ಎಳೆದುಕೊಂಡು ಹೋಗಿದ್ದೆವು. ನನ್ನ ಹದಿನೈದು ಹುಡುಗರಲ್ಲಿ ಒಬ್ಬನನ್ನೂ ಹಾಗೆ ಎಳೆಯಲು ಬಿಡಬಾರದು ಎಂದು ಆ ಚಾಳಿನಲ್ಲಿ ಕೂತು ನಿಶ್ಚಯ ಮಾಡಿದೆ. ಸರಕಾರದ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಪಂದ್ಯಾವಳಿ ಇಲ್ಲ ಎಂದು ಕಲ್ಲಣ್ಣ ಹೇಳಿದಾಗ ನನಗೆ ಹಗುರವೇ ಆಯಿತು.

ಶನಿವಾರ ಮಧ್ಯಾಹ್ನ ಕುಂಭಾರಿಯಲ್ಲಿ ಇಳಿದು ನಡೆದು ಬರುತ್ತಿದ್ದೇನೆ, ಗಾಯರಾನದಲ್ಲಿ ಕೂಗಾಟ ಕೇಳಿತು. ಹದಿನೈದೂ ಮಂದಿ ಅಲ್ಲಿದ್ದಾರೆ. ಚೆಂಡು ಓಡುತ್ತಿದೆ, ಮೈಯೆಲ್ಲ ಬೆವರು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ. ನಾನು ಛತ್ರಿ ಎತ್ತಿಕೊಂಡೇ ಓಡಿದೆ.

"ಡಂಗುರ ಕೇಳಿಲ್ಲೇನು ಕಿವುಡರ್ಯಾ?"

ಗೋಲಿನಲ್ಲಿ ನಿಂತಿದ್ದ ಗೊಲ್ಲಾಳಪ್ಪ ತಲೆ ಕೆರೆದುಕೊಂಡ. "ಕೇಳೇವ್ರಿ ಗುರೂಜಿ. ಅದು ಸೊಲ್ಲಾಪುರದವರಿಗಂತ ತಿಳದೇವಿ."

ಅಮೋಗಸಿದ್ಧ ಮುಂದೆ ಬಂದ. "ಬ್ಯಾನಿ ಇದ್ದಾಂವ ಇಲ್ಲಿ ಯಾರೂ ಇಲ್ರಿ. ಹೊರಗಿನಾಂವ ಒಬ್ಬಾನೂ ಇಲ್ಲ. ನಾವ ನಾವ ಆಡಾಕತ್ತೇವಿ. ಯಾರಿಗೇನ ಆಗ್ತದ?"

"ಪಂದ್ಯಾವಳಿ ಇಲ್ಲ. ರದ್ದ ಆಗ್ಯದ. ಆಟ ಯಾತಕ್ಕ ಬೇಕು ನಿಮಗ?"

ಅವನ ಮುಖ ಇಳಿಯಿತು. ಆದರೂ ಬಿಡಲಿಲ್ಲ. "ಆಗಸ್ಟದಾಗ ಹುಕುಮ ಎತ್ತಿದ್ರ? ಅಷ್ಟರಾಗ ಕಾಲ ಜಡ್ಡ ಹಿಡೀತಾವ. ನಾ ಒಬ್ಬಾಂವರ ಆಡ್ತೀನಿ. ಯಾರ ಹಂತ್ಯಾಕೂ ಹೋಗೂದಿಲ್ಲ."

"ಎತ್ತೂದಿಲ್ಲ ಅಂದೆ."

"ಎತ್ತಿದ್ರ ಅಂತೀನಿ ಮಾಮಾ. ನನಗ ಇದೊಂದ ವರ್ಷ ಅದ."

ಮಾಮಾ ಎಂದದ್ದು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ಮೇಲೆದ್ದಿತು. ಎಲ್ಲರ ಮುಂದೆ ಅವನ ಕಪಾಳಕ್ಕೆ ಹೊಡೆದೆ. ಭಯಕ್ಕೆ ಹೊಡೆದೆನೋ ಸಿಟ್ಟಿಗೆ ಹೊಡೆದೆನೋ, ನನಗೆ ಗೊತ್ತಿಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ನಾಳೆ ಮುಂಜಾನೆ ಹದಿನೈದೂ ಮಂದಿ ಜಳಕ ಮಾಡಿ ಗುಡಿಗೆ ಬರಬೇಕು, ಭಂಡಾರ ಎತ್ತಬೇಕು ಎಂದು ಹೇಳಿದೆ. ಕಾಗದದ ಹುಕುಮಿಗೆ ಇವರು ಬಗ್ಗುವುದಿಲ್ಲ, ಬೀರೋಬನ ಹುಕುಮಿಗೆ ಬಗ್ಗುತ್ತಾರೆ ಎಂದು ನನಗೆ ಗೊತ್ತಿತ್ತು. ಅದು ಬಹಳ ಜಾಣ ವಿಚಾರ ಎಂದು ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಭಾನುವಾರ ಎದ್ದಾಗ ಗಂಟಲು ಕೆರೆಯುತ್ತಿತ್ತು. ತಲೆ ಭಾರವಾಗಿತ್ತು. ರಸ್ತೆಯ ಧೂಳು ಎಂದುಕೊಂಡೆ. ಮಡಿ ಉಡುವಾಗ ಜನಾಬಾಯಿಯ ಕೈ ನನ್ನ ತೋಳಿಗೆ ತಾಗಿತು.

"ಮೈ ಬೆಚ್ಚಗದಲ್ರಿ. ಇವತ್ತೊಂದಿನ ಮಲಕೋರಿ. ಪೂಜಿ ನಿಮ್ಮ ಕಾಕಾನ ಮಗ ಮಾಡ್ತಾನ."

"ಪಾಳಿ ಯಾರದು? ನಂದೋ ಅವಂದೋ?" ಎಂದೆ. ಅವಳು ಪಂಚೆಯ ಅಂಚು ಕೈಬಿಟ್ಟು ಒಳಗೆ ಹೋದಳು. ಸಿಟ್ಟಿನ ಗಂಡನ ಜೊತೆ ಮೂವತ್ತು ವರ್ಷ ಬಾಳಿದವಳಿಗೆ ಎಲ್ಲಿ ಸುಮ್ಮನಾಗಬೇಕೆಂದು ಗೊತ್ತಿತ್ತು.

ಭಂಡಾರ ಎತ್ತುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಪೂಜಾರಿ ಒಬ್ಬೊಬ್ಬನ ಹಣೆಗೂ ಹೆಬ್ಬೆರಳಿನಿಂದ ಅರಿಸಿನ ಹಚ್ಚುತ್ತಾನೆ. ಒಂದು ಚಿಟಿಕೆಯನ್ನು ತನ್ನ ಬೆರಳಿನಿಂದಲೇ ಅವನ ನಾಲಿಗೆಯ ಮೇಲೆ ಇಡುತ್ತಾನೆ. ಆಮೇಲೆ ತಂಬಿಗೆಯ ನೀರು. ಮೊದಲು ಪೂಜಾರಿ ಕುಡಿಯಬೇಕು, ನಂತರ ಉಳಿದವರೆಲ್ಲ ಅದೇ ತಂಬಿಗೆಗೆ ಬಾಯಿ ಹಚ್ಚಿ ಕುಡಿಯಬೇಕು. ಎತ್ತಿ ಕುಡಿದರೆ ಆಣೆ ನಿಲ್ಲುವುದಿಲ್ಲ. ಎತ್ತಿ ಕುಡಿದವನು ಹೊರಗಿನವನು, ಬಾಯಿ ಹಚ್ಚಿದವನು ಒಳಗಿನವನು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಹದಿನೈದು ಹುಡುಗರು ಆ ಸಣ್ಣ ಗುಡಿಯೊಳಗೆ ತೋಳಿಗೆ ತೋಳು ತಾಗಿಸಿ ನಿಂತರು. ನಾನು ಹೇಳಿಕೊಟ್ಟೆ, ಅವರು ಹೇಳಿದರು. ಸರಕಾರದ ಹುಕುಮು ಎತ್ತುವತನಕ, ಗುರೂಜಿ ಭಂಡಾರ ಇಳಿಸುವತನಕ, ಚೆಂಡು ಮುಟ್ಟುವುದಿಲ್ಲ, ಒದೆಯುವುದಿಲ್ಲ. ಒಬ್ಬನೇ ಇದ್ದಾಗಲೂ ಇಲ್ಲ. ಕೊನೆಯ ಮಾತನ್ನು ಅಮೋಗಸಿದ್ಧನ ಕಡೆ ನೋಡಿ ನಾನೇ ಸೇರಿಸಿದೆ. ಹೇಳಿಕೊಡುವಾಗ ಎರಡು ಮೂರು ಸಲ ಕೆಮ್ಮು ಬಂತು. ಕೈ ಅಡ್ಡ ಇಟ್ಟುಕೊಂಡೆ, ಅದೇ ಕೈಯಿಂದ ಭಂಡಾರ ತೆಗೆದೆ.

ಅಮೋಗಸಿದ್ಧ ಎಲ್ಲರಿಗಿಂತ ಹಿಂದೆ ನಿಂತಿದ್ದ. ಅವನ ಸರದಿ ಬಂದಾಗ, "ಆಣಿ ಬ್ಯಾಡ್ರಿ ಗುರೂಜಿ. ಮಾತ ಕೊಡ್ತೀನಿ. ನನ್ನ ಮಾತ ಸಾಕಾಗೂದಿಲ್ಲೇನು?" ಎಂದ. ಮೆಲ್ಲಗೆ ಹೇಳಿದ. ಹಿಂದಿನ ದಿನದ ಪೆಟ್ಟಿನ ಬಾವು ಕೆನ್ನೆಯ ಮೇಲೆ ಇತ್ತು. ನಾನು ಅವನ ಮಣಿಕಟ್ಟು ಹಿಡಿದು ಮುಂದಕ್ಕೆ ಎಳೆದೆ. ಅವನು ಬಾಯಿ ತೆರೆದ. ತಂಬಿಗೆಯ ನೀರನ್ನು ಚೆಲ್ಲುವಂತಿಲ್ಲ, ಕೊನೆಯವನು ಮುಗಿಸಬೇಕು. ಉಳಿದದ್ದನ್ನೆಲ್ಲ ಅವನೇ ಕುಡಿದ.

ಸೋಮವಾರ ಸಂಜೆ ಅವನು ಕುರಿ ಹೊಡೆದುಕೊಂಡು ನಮ್ಮ ಮನೆಯ ಮುಂದೆ ಹಾದ. ಗೊಲ್ಲಾಳಪ್ಪ ಜೊತೆಗಿದ್ದ. ದಾರಿಯಲ್ಲಿ ಒಂದು ದುಂಡು ಕಲ್ಲು ಕಂಡು ಅಮೋಗಸಿದ್ಧ ಒದೆಯಲು ಕಾಲೆತ್ತಿದ, ತಡೆದು ಪಕ್ಕಕ್ಕೆ ಸರಿದು ಹೋದ.

"ಕಲ್ಲ ಒದಿಯಾಕ ಆಣಿ ಇಲ್ಲೋ ಲೇ," ಎಂದು ಗೊಲ್ಲಾಳಪ್ಪ ಕಾಡಿದ.

"ಅದು ಕಲ್ಲೋ ಚಂಡೋ ಕಾಲಿಗೇನ ಗೊತ್ತಾಗ್ತದ. ಬ್ಯಾಡ ಬಿಡು," ಎಂದ ಅವನು. ನಾನು ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ, ನನ್ನ ಉಪಾಯ ಫಲಿಸಿತು ಎಂದು ಸಂತೋಷಪಟ್ಟೆ. ಮೈ ನಡುಗುತ್ತಿತ್ತು. ಕಂಬಳಿ ಹೊದ್ದುಕೊಂಡೇ ಕೂತಿದ್ದೆ.

ಮಂಗಳವಾರ ನಾನು ಪೂರ್ತಿ ಹಾಸಿಗೆ ಹಿಡಿದೆ. ಬುಧವಾರ ನಾಲ್ಕು ಹುಡುಗರು ಮಲಗಿದರು. ಗುರುವಾರ ಎಂಟು. ಅದರಾಚೆಯ ವಾರ ವಾಡಿಯಲ್ಲಿ ಒಲೆ ಹೊತ್ತಿಸುವವರು ಸಿಗುವುದೇ ಕಷ್ಟವಾಯಿತು. ಜನಾಬಾಯಿಯೂ ಮಲಗಿ ಎದ್ದಳು. ಎಲ್ಲರೂ ನಾಲ್ಕೈದು ದಿನಕ್ಕೆ ಏಳುತ್ತಿದ್ದರು. ಮಾನಮೋಡಿಯಂತೆ ಅಲ್ಲ, ಈ ಜ್ವರಕ್ಕೆ ದಯೆ ಇತ್ತು. ಇಡೀ ವಾಡಿಯಲ್ಲಿ ಅದು ಒಬ್ಬನನ್ನೇ ತೆಗೆದುಕೊಂಡಿತು. ಜ್ವರ ಅಮೋಗಸಿದ್ಧನ ಎದೆಗೆ ಇಳಿಯಿತು. ಒಂಬತ್ತನೇ ದಿನ ಹೋದ. ಆ ಸುದ್ದಿ ಬಂದಾಗ ನನಗೆ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಅವನಿಗೆ ಮಣ್ಣು ಕೊಡುವುದಕ್ಕೂ ನಾನು ಹೋಗಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಕುಂಭಾರಿಯಿಂದ ಬಂದ ಡಾಕ್ಟರರನ್ನು ಕೇಳಿದೆ. ಇದು ಕೆಮ್ಮಿನಿಂದ, ಎಂಜಲಿನಿಂದ, ಕೈಯಿಂದ ಹಬ್ಬುತ್ತದೆ, ಹೊಕ್ಕ ಎರಡು ಮೂರು ದಿನಕ್ಕೆ ಕಾಣಿಸಿಕೊಳ್ಳುತ್ತದೆ ಎಂದರು. "ನಿಮ್ಮ ವಾಡಿಗೆ ಮದಲ ಯಾರ ತಂದ್ರು?" ಎಂದು ಸಹಜವಾಗಿ ವಿಚಾರಿಸಿದರು. ಗೊತ್ತಿಲ್ಲ ಎಂದೆ. ಮಾಸ್ತರನಾದವನಿಗೆ ಅಷ್ಟು ಲೆಕ್ಕ ಬರುವುದಿಲ್ಲವೇ. ಶುಕ್ರವಾರ ಕಲ್ಲಣ್ಣನ ಖೋಲಿ. ಭಾನುವಾರ ಗುಡಿ. ಬುಧವಾರ ಹುಡುಗರು. ಶನಿವಾರ ಗಾಯರಾನದಲ್ಲಿ ಬೆವರು ಸುರಿಸಿ ಆಡುತ್ತಿದ್ದಾಗ ಆ ಹದಿನೈದು ಮಂದಿಯಲ್ಲಿ ಒಬ್ಬನಿಗೂ ನೆಗಡಿ ಸಹ ಇರಲಿಲ್ಲ. ಅಮೋಗಸಿದ್ಧ ಹೇಳಿದ್ದು ನಿಜವೇ ಆಗಿತ್ತು. ಅವರನ್ನು ಬಯಲಿನಿಂದ ಎಬ್ಬಿಸಿ ಒಳಗೆ ತಂದು ನನ್ನ ಕೈಯಿಂದ, ನನ್ನ ಎಂಜಲಿನ ತಂಬಿಗೆಯಿಂದ ಕೊಟ್ಟವನು ನಾನು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳುವ ಮೊದಲೇ ವಾಡಿಯವರು ಇನ್ನೊಂದು ಕಾರಣ ಹುಡುಕಿಕೊಂಡಿದ್ದರು. ಹದಿನೈದು ಮಂದಿ ಭಂಡಾರ ಎತ್ತಿದರು, ಹದಿನಾಲ್ಕು ಮಂದಿ ಉಳಿದರು, ಒಬ್ಬ ಹೋದ. ಅಂದರೆ ಅವನು ಎಲ್ಲೋ ಕದ್ದು ಆಡಿದ್ದಾನೆ. ಚೆಂಡಿನ ಹುಚ್ಚು ಅವನಿಗೇ ಹೆಚ್ಚಿತ್ತಲ್ಲ, ಎತ್ತುವಾಗ ಹಿಂದೆ ಮುಂದೆ ನೋಡಿದವನೂ ಅವನೇ ಅಲ್ಲವೇ ಎಂದರು. ಬಾವಿಯ ಕಟ್ಟೆಯ ಮೇಲೆ ಸುಗಲಾಬಾಯಿ ಕೊಡ ಇಟ್ಟರೆ ಹೆಂಗಸರು ತಮ್ಮ ಕೊಡ ಸರಿಸಿಕೊಳ್ಳತೊಡಗಿದರು. ಅವಳ ಮನೆಯಲ್ಲಿ ಯಾರೂ ನೀರು ಕುಡಿಯಲಿಲ್ಲ. ಮಗ ಸತ್ತವಳ ಮನೆಗೆ ರೊಟ್ಟಿ ಒಯ್ಯುವ ಪದ್ಧತಿಯನ್ನೂ ಮರೆತರು.

ನಾನು ಇದನ್ನೆಲ್ಲ ನೋಡಿದೆ. ಆ ಸುಳ್ಳು ನನಗೆ ಅನುಕೂಲವಾಗಿತ್ತು. ನಾಚಿಕೆಗೇಡಿನ ಮಾತು, ಆದರೆ ಹಾಗೇ ಇತ್ತು. ಸಾಲೆಯಲ್ಲಿ ಸುಳ್ಳು ಹೇಳಿದ ಹುಡುಗನ ಕೈ ಊದುವತನಕ ಹೊಡೆಯುವ ನಾನು ಎರಡು ತಿಂಗಳು ಬಾಯಿ ಬಿಡಲಿಲ್ಲ. ಸುಗಲಾಬಾಯಿ ಎದುರಾದರೆ ಓಣಿ ಬದಲಿಸಿದೆ.

ಸಪ್ಟೆಂಬರಿನಲ್ಲಿ ಹುಕುಮು ಎತ್ತಿದರು. ಸಾಲೆ ತೆರೆಯಿತು. ಭಾನುವಾರ ಭಂಡಾರ ಇಳಿಸಿ ಆಣೆ ಬಿಡಿಸುತ್ತೇನೆ, ಎಲ್ಲ ಹುಡುಗರೂ ಬರಲಿ ಎಂದು ಹೇಳಿ ಕಳಿಸಿದೆ. ಶನಿವಾರ ಊಟಕ್ಕೆ ಕೂತಾಗ ಜನಾಬಾಯಿ ರೊಟ್ಟಿ ಹಾಕಿ, ಎದುರಿಗೆ ಕೂತು ನನ್ನ ಮುಖ ನೋಡಿದಳು.

"ಆವತ್ತ ನಿಮ್ಮ ಮೈ ಸುಡತಿತ್ತು," ಎಂದಳು.

ನಾನು ತುತ್ತು ಕೆಳಗಿಟ್ಟೆ.

"ನಾ ಸಾಯೋತನಕ ಯಾರ ಮುಂದೂ ಅನ್ನೂದಿಲ್ಲ. ಆದ್ರ ಸುಗಲಾ ನಿಮಗ ತಂಗಿ ಆಗ್ಬೇಕು. ಅಕಿ ಕೊಡ ಹೊತ್ತು ಒಬ್ಬಾಕಿನ ಹೋಗಾಕತ್ತಾಳ." ಅಷ್ಟು ಹೇಳಿ ಎದ್ದು ಹೋದಳು. ಮೂವತ್ತು ವರ್ಷದಲ್ಲಿ ಅವಳು ನನ್ನನ್ನು ಬೈದದ್ದು ಅದೊಂದೇ ಸಲ.

ಭಾನುವಾರ ಮುಂಜಾನೆ ಹದಿನಾಲ್ಕು ಹುಡುಗರು ಬಂದರು. ನಾನು ಈ ಸಲ ಅವರನ್ನು ಗುಡಿಯ ಒಳಗೆ ಕರೆಯಲಿಲ್ಲ, ಅಂಗಳದಲ್ಲಿ ದೂರ ದೂರ ನಿಲ್ಲಿಸಿದೆ. ಹಿರಿಯರು ಕೆಲವರು ಕಟ್ಟೆಯ ಮೇಲೆ ಕೂತಿದ್ದರು, ಹೆಂಗಸರು ಬೇವಿನ ಗಿಡದ ಕೆಳಗೆ ನಿಂತಿದ್ದರು. ಭಂಡಾರದ ಬಟ್ಟಲು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಸುಗಲಾಬಾಯಿ ಬಂದಳು. ಬಹಳ ಇಳಿದು ಹೋಗಿದ್ದಳು. ತನ್ನ ಮಂದೆಯ ದೊಡ್ಡ ಟಗರನ್ನು ಹಿಡಿದುಕೊಂಡು ಬಂದಿದ್ದಳು. ಹೆಂಗಸರು ದಾರಿ ಬಿಟ್ಟು ಸರಿದರು.

"ಅಣ್ಣಾ, ಇವರದು ಇಳಸೋಕಿಂತ ಮದಲ ನನ್ನ ಮಗಂದು ದಂಡ ತಗೋ," ಎಂದಳು. "ಈ ಟಗರ ಬೀರೋಬಗ. ನನ್ನ ಮಗ ಆಣಿ ಮುರದಾನ. ಮಂದಿ ಅನ್ನೂದು ಖರೇ ಅದ. ಸತ್ತ ಮ್ಯಾಲರ ಅವನ ಮ್ಯಾಲಿನ ಮಾತ ಹೋಗಲಿ."

ಹಿರಿಯರು ತಲೆಯಾಡಿಸಿದರು. ಗೊಲ್ಲಾಳಪ್ಪ ಮಾತ್ರ, "ಇಲ್ಲ ಆತ್ಯಾ, ಅಂವ ಕಲ್ಲ ಸೈತ ಒದ್ದಿಲ್ಲ" ಎಂದ.

"ನಿನಗೇನ ಗೊತ್ತೋ ತಮ್ಮಾ. ನಾ ನೋಡೀನಿ." ಅವಳು ನನ್ನ ಕಡೆಗೇ ತಿರುಗಿದಳು. "ಜ್ವರ ಏರಿದಾಗ ಅವಗ ಮೈ ಮ್ಯಾಲ ಖಬರ ಇರಲಿಲ್ಲಣ್ಣಾ. ಹೊರಸಿನ ಮ್ಯಾಲ ಮಲಕೊಂಡಲ್ಲೇ ಕಾಲ ಒದೀತಿದ್ದ. ಗೊಲ್ಲಾಳ್ಯಾ ಇಲ್ಲಿ ಕೊಡೋ, ಇಲ್ಲಿ ಕೊಡೋ ಅಂತಿದ್ದ. ಬ್ಯಾಡೋ ಮಗನ, ಭಂಡಾರ ಎತ್ತೀದಿ ಅಂತ ಹೇಳಿದೆ. ಕೇಳಲಿಲ್ಲ. ಎರಡ ದಿನ ಆಡಿದ. ಬೀರೋಬ 'ಒಬ್ಬಾಂವ ಇದ್ದಾಗೂ ಇಲ್ಲ' ಅಂದಿದ್ದಲ್ಲ."

ಆ ಮಾತು ಬೀರೋಬನದಲ್ಲ, ನನ್ನದು. ಬಟ್ಟಲನ್ನು ಕೆಳಗಿಟ್ಟೆ. ಅವಳ ಮುಂದೆ ನೆಲದ ಮೇಲೆ ಕೂತೆ.   ಕಲ್ಲಣ್ಣನ ಖೋಲಿಯಿಂದ ಶುರು ಮಾಡಿ ಎಲ್ಲ ಹೇಳಿದೆ. ಗಂಟಲು ಕೆರೆದದ್ದು, ಜನಾಬಾಯಿ ತಡೆದದ್ದು, ಕೆಮ್ಮಿದ ಕೈ, ತಂಬಿಗೆ, ಕೊನೆಯ ನೀರು.

"ನಿನ್ನ ಮಗ ಆಣಿ ಮುರದಿಲ್ಲ ತಂಗಿ. ಜ್ವರದಾಗ ಒದ್ದದ್ದು ಆಟ ಅಲ್ಲ, ಅದು ಜ್ವರ. ಆ ಜ್ವರ ಅವಗ ಕೊಟ್ಟಾಂವ ನಾ. ಅಂವ ಬ್ಯಾಡ ಅಂದ. ನಾ ಕೈ ಹಿಡದ ಎಳದೆ. ಎರಡ ತಿಂಗಳಿಂದ ಇದು ನನಗ ಗೊತ್ತದ, ಹೇಳಲಿಲ್ಲ. ದಂಡ ಕೊಡಬೇಕಾದಾಂವ ನಾ."

 ಗೊಲ್ಲಾಳಪ್ಪ ಅಳುತ್ತಿದ್ದ. ಸುಗಲಾಬಾಯಿ ನನ್ನನ್ನು ಬೈಯುತ್ತಾಳೆ, ಮುಖಕ್ಕೆ ಮಣ್ಣು ಎರಚುತ್ತಾಳೆ ಎಂದು ತಲೆ ತಗ್ಗಿಸಿ ಕೂತಿದ್ದೆ. ಎರಚಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.  ಅವಳು ಟಗರನ್ನು ಬಿಟ್ಟು ನನ್ನೆದುರಿಗೆ ತಾನೂ ಕೂತಳು.

"ಹಂಗಾದ್ರ ಅಂವ ಒದ್ದದ್ದು ತಪ್ಪಲ್ಲ?"

"ತಪ್ಪಲ್ಲ."

"ಬೀರೋಬ ಸಿಟ್ಟಾಗಿರಲಿಲ್ಲ?"

"ಇಲ್ಲ ತಂಗಿ."

ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

"ನಾ ಅವನ ಕಾಲ ಕಟ್ಟಿದ್ದೆ ಅಣ್ಣಾ," ಎಂದಳು. "ಇನ್ನ ಒದ್ರ ಬೀರೋಬ ಬಿಡೂದಿಲ್ಲಂತ ಎರಡೂ ಕಾಲ ಕೂಡಿಸಿ ಹೊರಸಿಗೆ ಕಟ್ಟಿದೆ. ಹೋಗೋ ಮದಲ ಒಮ್ಮಿ ಅವಗ ಖಬರ ಬಂದಿತ್ತು. ಬಿಚ್ಚ ಅವ್ವಾ ಅಂದ. ಎರಡ ಸಲ ಅಂದ. ನಾ ಬಿಚ್ಚಲಿಲ್ಲ."